ಇಲ್ಲದ ದೇಶಕ್ಕೊಂದು ಯುದ್ಧನೀತಿ

ಎಸ್ಪೆರಾಂತೊ ಎಂಬ ಭಾಷೆಯ ಹೆಸರನ್ನು ನೀವು ಕೇಳಿರಬಹುದು. ಜಾಮೆನ್‌ಹಾಫ್ ಎಂಬ ಕಣ್ಣಿನ ವೈದ್ಯ 1887ರಲ್ಲಿ ವಾರ್ಸಾದಲ್ಲಿ ಅದನ್ನು ಪ್ರಕಟಿಸಿದ. ಯಾವ ದೇಶಕ್ಕೂ ಸೇರದ, ಎಲ್ಲರಿಗೂ ಸುಲಭವಾದ ಒಂದು ಭಾಷೆ ಇದ್ದರೆ ಜನರ ನಡುವಿನ ಜಗಳ ಕಡಿಮೆಯಾದೀತು ಎಂಬುದು ಅವನ ಆಸೆ. ಇಂಥ ಶಾಂತಿಯ ಭಾಷೆಯನ್ನು ತನ್ನ ಅಧಿಕೃತ ಭಾಷೆ ಮಾಡಿಕೊಂಡ ಸೇನೆಯೊಂದು ಇತ್ತು. ಆ ಸೇನೆಯ ಹೆಸರು 'ಅಗ್ರೆಸರ್', ಅಂದರೆ ದಾಳಿಕೋರ!

ಈ ದಾಳಿಕೋರನಿಗೆ ದೇಶ ಮಾತ್ರ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ಸೇನೆ ತನ್ನ ಸಮರಾಭ್ಯಾಸಕ್ಕೆಂದು ಕಟ್ಟಿಕೊಂಡ ಕಲ್ಪನೆಯ ಶತ್ರು ಅದು. ಆಳುವ ಪಕ್ಷದ ಹೆಸರು ಸರ್ಕಲ್ ಟ್ರೈಗನ್, ಗುರುತು ವೃತ್ತದೊಳಗೊಂದು ತ್ರಿಕೋನ. ಸೈನಿಕರಿಗೆ ಹಸಿರು ಸಮವಸ್ತ್ರ, ನೆತ್ತಿಯ ಮೇಲೆ ಕೋಳಿಜುಟ್ಟಿನಂತೆ ಏಣು ಎದ್ದ ಹೆಲ್ಮೆಟ್. ಅವರಿಗೆ ಬೇರೆಯದೇ ದರ್ಜೆಗಳು, ಬೇರೆಯದೇ ಪ್ರಚಾರಪತ್ರಗಳು. ಕಾಗದದ ಮೇಲೆ ಡಿವಿಜನ್‌ಗಟ್ಟಲೆ ಸೈನ್ಯ, ಮೈದಾನದಲ್ಲಿ ಮಾತ್ರ ಬೆರಳೆಣಿಕೆಯ ತುಕಡಿಗಳು. ಉಳಿದದ್ದನ್ನು ಗಾಳಿ ತುಂಬಿದ ರಬ್ಬರ್ ಟ್ಯಾಂಕ್‌ಗಳು, ಸುಳ್ಳು ರೇಡಿಯೋ ಸಂದೇಶಗಳು ತುಂಬಿಕೊಡುತ್ತಿದ್ದವು. 1952ರಲ್ಲಿ ಟೆಕ್ಸಸ್‌ನಲ್ಲಿ ನಡೆದ ದೊಡ್ಡ ಅಭ್ಯಾಸದಲ್ಲಿ ಈ ಸೇನೆ ಲ್ಯಾಂಪಾಸಸ್ ಎಂಬ ನಿಜವಾದ ಪಟ್ಟಣವನ್ನೇ 'ವಶಪಡಿಸಿಕೊಂಡಿತ್ತು'. ವೇಷ ಹಾಕಿದ್ದವರು ಅಮೆರಿಕದ್ದೇ 82ನೇ ಏರ್‌ಬಾರ್ನ್ ಡಿವಿಜನ್ನಿನ ಸೈನಿಕರು.

ಇಷ್ಟೆಲ್ಲ ವೇಷಭೂಷಣ ನೋಡಿದರೆ ನಾಟಕ ಅನ್ನಿಸುತ್ತದೆ, ಅಲ್ವಾ? ವೇಷದ ಪಾತ್ರ ಚಿಕ್ಕದು. ಅಗ್ರೆಸರ್‌ನ ಜೀವಾಳ ಅದರ ಕೈಪಿಡಿಗಳಲ್ಲಿತ್ತು. ಈ ದೇಶದ ಸೇನೆ ಹೇಗೆ ಯೋಚಿಸುತ್ತದೆ, ಹೇಗೆ ಮುನ್ನುಗ್ಗುತ್ತದೆ, ಸೋಲು ಕಂಡಾಗ ಏನು ಮಾಡುತ್ತದೆ ಎಂದು ಅವು ಪುಟಗಟ್ಟಲೆ ಬರೆದಿಟ್ಟಿದ್ದವು. ಅಂದರೆ ಇಲ್ಲದ ದೇಶಕ್ಕೆ ಒಂದು ಪೂರ್ತಿ ಯುದ್ಧನೀತಿ. ಇಂಗ್ಲಿಷಿನಲ್ಲಿ ಇದಕ್ಕೆ ಮಿಲಿಟರಿ ಡಾಕ್ಟ್ರಿನ್ ಅನ್ನುತ್ತಾರೆ.

ಡಾಕ್ಟ್ರಿನ್ ಅಂದರೆ ಯುದ್ಧದ ಯೋಜನೆ ಎಂದು ಬಹಳ ಜನ ತಿಳಿಯುತ್ತಾರೆ. ಅದು ಯೋಜನೆಯಲ್ಲ. ಯೋಜನೆ ಇಂಥ ದಿನ, ಇಂಥ ಜಾಗ, ಇಂಥ ಗುರಿ ಎಂದು ಹೇಳುತ್ತದೆ. ಡಾಕ್ಟ್ರಿನ್ ಒಂದು ಅಭ್ಯಾಸಬಲ, ಕೈಗೆ ಹತ್ತಿದ ರೂಢಿ. ಒಬ್ಬ ಕಿರಿಯ ಅಧಿಕಾರಿಯ ರೇಡಿಯೋ ಸತ್ತುಹೋಗಿದೆ ಅಂದುಕೊಳ್ಳಿ. ಎದುರಿನ ಸೇತುವೆ ಮುರಿದಿದೆ. ಮೇಲಿನಿಂದ ಆಜ್ಞೆ ಬರುವ ಹಾಗಿಲ್ಲ. ಅವನು ಕಾಯುತ್ತಾನಾ, ಸುತ್ತುಬಳಸಿ ಮುಂದೆ ಹೋಗುತ್ತಾನಾ, ಹಿಂದೆ ಸರಿಯುತ್ತಾನಾ? ಪಕ್ಕದ ತುಕಡಿಯವನು ಏನು ಮಾಡುತ್ತಾನೆಂದು ಇವನು ಊಹಿಸಬಲ್ಲನಾ? ಇದಕ್ಕೆ ಆ ಸೇನೆ ಮೊದಲೇ ಕಲಿಸಿಟ್ಟ ಉತ್ತರವೇ ಡಾಕ್ಟ್ರಿನ್. ಕೆಲವು ಸೇನೆಗಳಲ್ಲಿ 'ಗುರಿ ಗೊತ್ತಲ್ಲ, ದಾರಿ ನೀನೇ ನೋಡಿಕೋ' ಎನ್ನುತ್ತಾರೆ. ಜರ್ಮನಿಯ ಹಳೆಯ ರಾಜ್ಯವಾದ ಪ್ರಷ್ಯದ ಸೇನೆಯಿಂದ ಬಂದ ಪದ್ಧತಿ ಇದು. ಸೋವಿಯತ್ ಸೇನೆಯಲ್ಲಿ ಕೆಳಗಿನವನಿಗೆ ಅಷ್ಟು ಸಡಿಲ ಇರುತ್ತಿರಲಿಲ್ಲ. ಅವನು ಕಲಿತ ಕವಾಯತನ್ನೇ ಮಾಡಬೇಕು, ವೇಗವಾಗಿ ಮಾಡಬೇಕು. ಬುದ್ಧಿ ಓಡಿಸುವುದು ಮೇಲಿನವರ ಕೆಲಸ.

ಹಾಗಾದರೆ ಕಲ್ಪನೆಯ ದೇಶವೇ ಯಾಕೆ ಬೇಕು? ನೇರವಾಗಿ ರಷ್ಯಾ, ಚೀನಾ ಎಂದೇ ಹೆಸರಿಟ್ಟು ಅಭ್ಯಾಸ ಮಾಡಬಾರದಾ? ಒಂದು ಕಾರಣ ರಾಜತಾಂತ್ರಿಕ ಮುಜುಗರ. ನಾಳೆ ಮಾತುಕತೆಗೆ ಕೂರಬೇಕಾದ ದೇಶವನ್ನು ಇವತ್ತು ಶತ್ರು ಎಂದು ಮುದ್ರಿಸಿ ಹಂಚಿದರೆ ಚೆನ್ನಾಗಿರುವುದಿಲ್ಲ. ಇನ್ನೊಂದು ಕಾರಣ ಗುಟ್ಟು. ನಿಜವಾದ ದೇಶದ ಬಗ್ಗೆ ಬೇಹುಗಾರರು ತಂದ ಮಾಹಿತಿಯನ್ನು ಪ್ರತಿ ಸಿಪಾಯಿಗೂ ಕೊಡಲಾಗದು. ಕಲ್ಪನೆಯ ದೇಶದ ಕೈಪಿಡಿಯನ್ನು ಯಾರಾದರೂ ಓದಲಿ, ಏನೂ ಹೋಗುವುದಿಲ್ಲ. ಮೂರನೆಯ ಕಾರಣವೇ ನನಗೆ ಹೆಚ್ಚು ಮುಖ್ಯ ಅನ್ನಿಸುವುದು. ಶತ್ರುವಿಗೆ ನಿಜವಾದ ಹೆಸರಿಟ್ಟ ಕೂಡಲೇ ನಮ್ಮ ಪೂರ್ವಗ್ರಹಗಳೂ ಒಳಗೆ ಬಂದು ಕೂರುತ್ತವೆ. 'ಅಯ್ಯೋ, ಅವರು ಹಾಗೆಲ್ಲ ಮಾಡುವವರಲ್ಲ ಬಿಡಿ' ಎಂಬ ಮಾತು ಶುರುವಾಗುತ್ತದೆ. ಹೆಸರಿಲ್ಲದ ಶತ್ರು ಏನು ಬೇಕಾದರೂ ಮಾಡಬಲ್ಲ.

ಅಗ್ರೆಸರ್ ಸುಮಾರು ಮೂರು ದಶಕ ಬಾಳಿತು. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕ ಈ ಎಸ್ಪೆರಾಂತೊ ದೇಶವನ್ನು ಕೈಬಿಟ್ಟು, ಸೋವಿಯತ್ ಸೇನೆಯನ್ನೇ ಅಚ್ಚು ಹೊಡೆದಂತೆ ಅನುಕರಿಸುವ ಎದುರಾಳಿ ಪಡೆಯನ್ನು ಕಟ್ಟಿತು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಫೋರ್ಟ್ ಇರ್ವಿನ್ ಎಂಬ ಜಾಗವಿದೆ. ಸುಮಾರು 2,600 ಚದರ ಕಿಲೋಮೀಟರ್ ಬಯಲು, ಬೋಳು ಗುಡ್ಡ, ಕೊರಕಲು. 1980ರ ದಶಕದ ಆರಂಭದಿಂದ ಅಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ ನಡೆಯುತ್ತಿದೆ. ಆಗ ಅಲ್ಲಿನ ಶತ್ರುದೇಶದ ಹೆಸರು ಕ್ರಾಸ್ನೋವಿಯಾ. ರಷ್ಯನ್ ಭಾಷೆಯಲ್ಲಿ 'ಕ್ರಾಸ್ನಿ' ಅಂದರೆ ಕೆಂಪು. ಗುಟ್ಟೇನೂ ಉಳಿಯಲಿಲ್ಲ ಬಿಡಿ.

ಕ್ರಾಸ್ನೋವಿಯಾದ ಸೈನಿಕರು ಅಮೆರಿಕದ ಹಳೆಯ ಷೆರಿಡನ್ ಟ್ಯಾಂಕ್‌ಗಳಿಗೆ ಫೈಬರ್‌ಗ್ಲಾಸ್ ಹೊದಿಕೆ ತೊಡಿಸಿ, ಅವು ಸೋವಿಯತ್ ವಾಹನಗಳಂತೆ ಕಾಣುವ ಹಾಗೆ ಮಾಡುತ್ತಿದ್ದರು. ಬಂದೂಕುಗಳಲ್ಲಿ ಗುಂಡಿನ ಬದಲು ಲೇಸರ್ ಕಿರಣ. ಕಿರಣ ತಗುಲಿದವನ ಮೈಮೇಲಿನ ಯಂತ್ರ ಬೀಪ್ ಎಂದರೆ ಅವನು ಸತ್ತಂತೆ. ಅವರ ಯುದ್ಧನೀತಿ ಅಲೆಯ ಮೇಲೆ ಅಲೆ. ಎಲ್ಲರಿಗಿಂತ ಮುಂದೆ ಬೇಹಿನವರು ಹೋಗಿ ಎದುರಾಳಿಯ ಸಾಲಿನಲ್ಲಿ ತೂತು ಎಲ್ಲಿದೆ ಎಂದು ಹುಡುಕುತ್ತಾರೆ. ಹಿಂದೆ ಮುಂಚೂಣಿ ತುಕಡಿ ಬಂದು ಕಾದಾಟಕ್ಕೆ ಇಳಿದು, ಎದುರಾಳಿಯನ್ನು ಅಲ್ಲೇ ಕಟ್ಟಿಹಾಕುತ್ತದೆ. ಅಷ್ಟರಲ್ಲಿ ಮುಖ್ಯ ಪಡೆ ಇನ್ನೊಂದು ಕಡೆಯಿಂದ ನುಗ್ಗುತ್ತದೆ. ಮೊದಲ ಅಲೆ ಸವೆದುಹೋದರೆ ಅದನ್ನು ಉಳಿಸಲು ಯಾರೂ ಹೋಗುವುದಿಲ್ಲ. ಎರಡನೇ ಅಲೆ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಸೋಲುತ್ತಿರುವ ಕಡೆ ಬಲ ತುಂಬುವುದಿಲ್ಲ, ಗೆಲ್ಲುತ್ತಿರುವ ಕಡೆಗೇ ಇನ್ನಷ್ಟು ಬಲ. ಕೇಳಲು ಕಟುಕತನ ಅನ್ನಿಸುತ್ತದೆ. ಲೆಕ್ಕ ಮಾತ್ರ ಸರಿಯಾಗಿದೆ.

ತಮಾಷೆ ಏನೆಂದರೆ ಅಲ್ಲಿಗೆ ಬರುವ ಅಮೆರಿಕದ ಬ್ರಿಗೇಡ್‌ಗಳು ಸಾಮಾನ್ಯವಾಗಿ ಸೋತೇ ಹೋಗುತ್ತಿದ್ದವು. ಬಂದವರಿಗೆ ಆ ಮರುಭೂಮಿ ಹೊಸದು. ಕ್ರಾಸ್ನೋವಿಯಾದವರು ಅಲ್ಲೇ ಬೀಡುಬಿಟ್ಟವರು. ವರ್ಷಕ್ಕೆ ಸುಮಾರು ಹತ್ತು ಸಲ ಅದೇ ನೆಲದಲ್ಲಿ ಕಾದಾಡಿ, ಪ್ರತಿ ಕೊರಕಲೂ ಅವರಿಗೆ ಬಾಯಿಪಾಠ. ಪ್ರತಿ ಕದನ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಎಲ್ಲಿ ಎಡವಿದಿರಿ ಎಂದು ಬಿಚ್ಚಿ ಮಾತಾಡುತ್ತಾರೆ. ಕಮಾಂಡರ್ ತನ್ನ ಕೈಕೆಳಗಿನವರ ಎದುರೇ ತಪ್ಪು ಒಪ್ಪಿಕೊಳ್ಳಬೇಕು. ಅವಮಾನ ಆಗುತ್ತದೆ, ನಿಜ. ಆದರೆ ಆ ಕೇಂದ್ರ ಇರುವುದೇ ಅದಕ್ಕೆ.

ಮುಂದೆ 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅನುಕರಿಸಲು ಮಾದರಿಯೇ ಇಲ್ಲದ ಮೇಲೆ ಕಲ್ಪನೆಯ ಶತ್ರು ಯಾರ ಹಾಗೆ ಕಾದಾಡಬೇಕು? ಈ ಪ್ರಶ್ನೆಗೆ ಬಂದ ಉತ್ತರ ನನ್ನ ಕಣ್ಣಿಗೆ ಈ ಇಡೀ ಕಥೆಯ ಅತ್ಯಂತ ಸ್ವಾರಸ್ಯದ ಭಾಗ.

2003ರಲ್ಲಿ ಅಮೆರಿಕದ ಸೇನೆ ಎಫ್‌ಎಂ 7-100 ಎಂಬ ಕೈಪಿಡಿ ಹೊರತಂದಿತು. ಅದರಲ್ಲಿನ ದೇಶಕ್ಕೆ ಹೆಸರೇ ಇಲ್ಲ. ಸುಮ್ನೆ 'ದಿ ಸ್ಟೇಟ್', ಅಂದರೆ 'ಪ್ರಭುತ್ವ'. ತನ್ನ ಸುತ್ತಮುತ್ತಲಲ್ಲಿ ಇದೇ ದೊಡ್ಡ ದೇಶ, ನೆರೆಯವರ ಮೇಲೆ ದರ್ಬಾರು ನಡೆಸಬೇಕೆಂಬ ಆಸೆ ಇದೆ. ಆದರೆ ದೂರದ ಯಾವುದೋ ಮಹಾಶಕ್ತಿ ನಡುವೆ ಬಂದರೆ ನೇರ ಕಾದಾಟದಲ್ಲಿ ತಾನು ಉಳಿಯುವುದಿಲ್ಲ ಎಂಬುದೂ ಇದಕ್ಕೆ ಚೆನ್ನಾಗಿ ಗೊತ್ತು. ಆ ಮಹಾಶಕ್ತಿ ಯಾರೆಂದು ಕೈಪಿಡಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಈ ದೇಶದ ನೀತಿಯನ್ನು ಕೈಪಿಡಿ ನಾಲ್ಕು ಬಗೆಯ ಕಾರ್ಯಾಚರಣೆಗಳಾಗಿ ಬಿಡಿಸುತ್ತದೆ. ಒಂದು ಎಂದೂ ನಿಲ್ಲದ್ದು, ಶಾಂತಿ ಇರಲಿ, ಯುದ್ಧ ಇರಲಿ. ರಾಜತಂತ್ರ, ಪ್ರಚಾರ, ವ್ಯಾಪಾರದ ಒತ್ತಡ, ಸೇನೆಯ ಹೆದರಿಕೆ ಎಲ್ಲವನ್ನೂ ಒಟ್ಟಿಗೆ ಬಳಸಿ ತನ್ನ ಗುರಿಯತ್ತ ತೆವಳುವುದು. ಎರಡನೆಯದು ನೆರೆಯ ಬಡಪಾಯಿ ದೇಶದ ಮೇಲಿನ ದಾಳಿ. ಇಲ್ಲಿ ಇದೇ ಬಲಶಾಲಿ, ಆದ್ದರಿಂದ ಟ್ಯಾಂಕು, ಫಿರಂಗಿ, ವಿಮಾನ ಎಲ್ಲ ಹೂಡಿ ಬೇಗ ಮುಗಿಸುತ್ತದೆ. ಹೊರಗಿನ ಮಹಾಶಕ್ತಿ ಬರುವ ಲಕ್ಷಣ ಕಂಡಾಗ ಮೂರನೆಯದು ಶುರು. ಇದು ಮಗ್ಗುಲು ಬದಲಿಸುವ ಹೊತ್ತು. ಗೆದ್ದಷ್ಟನ್ನು ಗಟ್ಟಿ ಮಾಡಿಕೊಳ್ಳುತ್ತಾ, ಸೈನ್ಯವನ್ನು ಚದುರಿಸಿ ಬಚ್ಚಿಡಬೇಕು. ನಾಲ್ಕನೆಯದು ಮಹಾಶಕ್ತಿ ಬಂದೇಬಿಟ್ಟಾಗ. ಇನ್ನು ಗೆಲ್ಲುವ ಮಾತಿಲ್ಲ. ಸೋಲದೆ ಉಳಿದರೆ ಅದೇ ಗೆಲುವು. ಸೇನೆಯ ಮುಖ್ಯ ಭಾಗ ಉಳಿಯಬೇಕು, ಸರ್ಕಾರ ಉಳಿಯಬೇಕು, ಬಂದವನಿಗೆ ಸಾಕಪ್ಪಾ ಸಾಕು ಅನ್ನಿಸಬೇಕು.

ಒಂದೇ ಸೇನೆ, ಆದರೆ ಎದುರಿಗಿರುವವರು ಯಾರು ಎಂಬುದರ ಮೇಲೆ ಅದರ ಸ್ವಭಾವವೇ ಬದಲಾಗುತ್ತದೆ. ಬಡವನ ಮುಂದೆ ಹುಲಿ, ಬಲಶಾಲಿಯ ಮುಂದೆ ಮುಳ್ಳುಹಂದಿ. ಕ್ರಾಸ್ನೋವಿಯಾಕ್ಕೆ ಈ ಗೊಂದಲ ಇರಲಿಲ್ಲ, ಅದು ಯಾರೇ ಬರಲಿ ಒಂದೇ ಥರ ನುಗ್ಗುತ್ತಿತ್ತು.

ಮಹಾಶಕ್ತಿಯನ್ನು ಎದುರಿಸಲು 'ಪ್ರಭುತ್ವ' ಇಟ್ಟುಕೊಂಡ ಸೂತ್ರಗಳನ್ನು ಒಂದೊಂದಾಗಿ ನೋಡಿದರೆ, ಪ್ರತಿಯೊಂದರ ಹಿಂದೆಯೂ ಒಂದು ನಿಜವಾದ ಯುದ್ಧದ ಗಾಯ ಕಾಣಿಸುತ್ತದೆ. ಮೊದಲ ಸೂತ್ರ: ಮಹಾಶಕ್ತಿಯನ್ನು ಬಾಗಿಲಲ್ಲೇ ತಡೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಅದಾದ ಮೇಲೆ ಅಮೆರಿಕ ಮತ್ತು ಜೊತೆಗಾರ ದೇಶಗಳು ಸೌದಿ ಅರೇಬಿಯಾದಲ್ಲಿ ಐದು ತಿಂಗಳಿಗೂ ಜಾಸ್ತಿ ಕಾಲ ಆರಾಮವಾಗಿ ಸೈನ್ಯ ಜಮಾಯಿಸಿದವು. ಬಂದರು ಸಿಕ್ಕಿತು, ವಿಮಾನ ನಿಲ್ದಾಣ ಸಿಕ್ಕಿತು, ಇಂಧನ ಸಿಕ್ಕಿತು. ಸದ್ದಾಂ ಹುಸೇನ್ ಕೂತು ನೋಡಿದ. 1991ರ ಜನವರಿ 17ರಂದು ಬಾಂಬ್ ದಾಳಿ ಶುರುವಾಯಿತು. ಫೆಬ್ರವರಿಯಲ್ಲಿ ನೆಲದ ಮೇಲಿನ ಯುದ್ಧ ನೂರೇ ಗಂಟೆಗಳಲ್ಲಿ ಮುಗಿಯಿತು. ಕಲ್ಪನೆಯ ದೇಶ ಈ ಪಾಠವನ್ನು ಚೆನ್ನಾಗಿ ಕಲಿತಿದೆ. ಬಂದರುಗಳ ಬಾಯಿಗೆ ಮೈನ್ ಹಾಕು, ನಿಲ್ದಾಣಗಳ ಮೇಲೆ ಕ್ಷಿಪಣಿ ಬಿಡು, ಜಾಗ ಕೊಡುವ ನೆರೆದೇಶವನ್ನು ಹೆದರಿಸು. ಶತ್ರು ಹಡಗಿನಿಂದ ಇಳಿಯುವ ಹೊತ್ತಿನಲ್ಲೇ ಅತ್ಯಂತ ಬಲಹೀನ.

ಇನ್ನೊಂದು ಸೂತ್ರ ಇನ್ನೂ ತಣ್ಣಗಿನದು. ಶತ್ರುದೇಶದ ರಾಜಕೀಯ ತಾಳಿಕೊಳ್ಳಲಾಗದಷ್ಟು ಸಾವು ಉಂಟುಮಾಡು. ಸೈನ್ಯವನ್ನು ಸೋಲಿಸಬೇಕಿಲ್ಲ, ಅವರ ಮನೆಯವರ ತಾಳ್ಮೆಯನ್ನು ಸೋಲಿಸಿದರೆ ಸಾಕು. 1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಮೊಗದಿಶು ಬೀದಿಗಳ ಕಾದಾಟದಲ್ಲಿ 18 ಅಮೆರಿಕನ್ ಸೈನಿಕರು ಸತ್ತರು. ಸೊಮಾಲಿಗಳ ಕಡೆ ಸತ್ತವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೂ 1994ರ ಮಾರ್ಚ್ ಹೊತ್ತಿಗೆ ಅಲ್ಲಿಂದ ಹೊರಟದ್ದು ಅಮೆರಿಕ.

ತಂತ್ರಜ್ಞಾನದಲ್ಲಿ ಮೇಲಿರುವವನ ಅನುಕೂಲವನ್ನು ಮಂಕು ಮಾಡು ಎಂಬ ಸೂತ್ರವೂ ಇದೆ. 1999ರಲ್ಲಿ ನ್ಯಾಟೋ 78 ದಿನ ಯುಗೊಸ್ಲಾವಿಯಾದ ಮೇಲೆ ಬಾಂಬ್ ಸುರಿಸಿತು. ಸರ್ಬಿಯಾದವರು ಹುಸಿ ಟ್ಯಾಂಕುಗಳನ್ನು ಬಯಲಲ್ಲಿಟ್ಟು, ನಿಜವಾದವನ್ನು ಕಾಡು, ಕೊಟ್ಟಿಗೆಗಳಲ್ಲಿ ಮುಚ್ಚಿಟ್ಟಿದ್ದರು. ಹಳೆಯ ಸೋವಿಯತ್ ಕ್ಷಿಪಣಿಯಿಂದಲೇ ಒಂದು ಎಫ್-117 ವಿಮಾನವನ್ನು ಕೆಡವಿದರು. ರಾಡಾರಿಗೆ ಕಾಣದ ವಿಮಾನ ಎಂದು ಹೆಸರಾಗಿದ್ದ ವಿಮಾನ ಅದು.

ಇದೆಲ್ಲ ದೊಡ್ಡ ಮಟ್ಟದ ನೀತಿ. ಕದನದ ಬಯಲಿಗೆ ಇಳಿದರೆ 'ಪ್ರಭುತ್ವ'ದ ಸೇನೆಗೆ ಇನ್ನೊಂದು ಒಳ್ಳೆಯ ಅಭ್ಯಾಸವಿದೆ. ತುಕಡಿಯನ್ನು ಅದು ಮಾಡಬೇಕಾದ ಕೆಲಸದ ಹೆಸರಿನಿಂದಲೇ ಕರೆಯುತ್ತಾರೆ. ಎದುರಾಳಿಯನ್ನು ಅಲುಗಾಡದಂತೆ ಹಿಡಿದಿಡುವ ಪಡೆ, ಅಡ್ಡಗಟ್ಟೆ ಒಡೆಯುವ ಪಡೆ, ಒಡೆದ ಬಾಗಿಲಿನಿಂದ ಒಳನುಗ್ಗಿ ಫಲ ಉಣ್ಣುವ ಪಡೆ, ಹೀಗೆ. ಹೆಸರು ಕೇಳಿದರೆ ಸಾಕು, ಅಕ್ಕಪಕ್ಕದವರಿಗೆ ಇವನ ಕೆಲಸ ಏನೆಂದು ಗೊತ್ತಾಗುತ್ತದೆ. ರೇಡಿಯೋ ಸತ್ತಾಗ ಇದು ಎಷ್ಟು ಉಪಕಾರಿ ಎಂದು ಆ ಕಿರಿಯ ಅಧಿಕಾರಿಯನ್ನೇ ಕೇಳಬೇಕು.

ಯುದ್ಧಭೂಮಿಯನ್ನು ಅವರು ಮೂರು ಪಟ್ಟಿಯಾಗಿ ನೋಡುತ್ತಾರೆ. ಮುಖ್ಯ ಕಾದಾಟದ ಜಾಗ ಒಂದು. ಅದರ ಹಿಂದೆ ಮದ್ದುಗುಂಡು, ಆಸ್ಪತ್ರೆ, ಕಮಾಂಡರ್ ಇರುವ ಜಾಗ. ಮುಂದೆ ಇರುವುದು ಕಾಟ ಕೊಡುವ ವಲಯ. ಗಮನಿಸಬೇಕಾದದ್ದು ಈ ಮೂರನೆಯದನ್ನೇ. ಇಲ್ಲಿ ದೊಡ್ಡ ಕಾದಾಟ ನಡೆಯುವುದಿಲ್ಲ. ಚಿಕ್ಕ ಚಿಕ್ಕ ಗುಂಪುಗಳು ಹೊಂಚು ಹಾಕಿ, ಎದುರಾಳಿಯ ಟ್ಯಾಂಕನ್ನು ಬಿಟ್ಟು ಅದರ ಹಿಂದೆ ಬರುವ ಇಂಧನದ ಲಾರಿಗೆ ಹೊಡೆಯುತ್ತವೆ. ರಾಡಾರಿಗೆ, ಸಂಪರ್ಕದ ಗಾಡಿಗೆ, ಸೇತುವೆ ಕಟ್ಟುವ ಯಂತ್ರಕ್ಕೆ ಹೊಡೆಯುತ್ತವೆ. ಎದುರಾಳಿಯ ಸೈನ್ಯವನ್ನು ಒಂದು ಯಂತ್ರ ಎಂದು ನೋಡಿ, ಅದರ ಒಂದು ಬೋಲ್ಟ್ ಕಳಚುವ ಉಪಾಯ ಇದು. ಇಂಧನವಿಲ್ಲದ ಟ್ಯಾಂಕು ಬರೀ ಕಬ್ಬಿಣದ ಕೋಣೆ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನ ಬರಬೇಕು. ಇಷ್ಟು ಜಾಣ ಶತ್ರುವನ್ನು ಕಾಗದದ ಮೇಲೆ ಕಟ್ಟಿದವರು, ಅವನು ನಿಜಕ್ಕೂ ಜಾಣತನ ತೋರಿಸಿದಾಗ ಸಹಿಸಿಕೊಳ್ಳುತ್ತಾರಾ?

ಆ ಕೈಪಿಡಿ ಬರುವ ಹಿಂದಿನ ವರ್ಷವೇ, 2002ರಲ್ಲಿ, ಅದಕ್ಕೊಂದು ಪರೀಕ್ಷೆ ನಡೆದಿತ್ತು. 'ಮಿಲೆನಿಯಂ ಚಾಲೆಂಜ್' ಎಂಬ ಅಭ್ಯಾಸ, ಸುಮಾರು 25 ಕೋಟಿ ಡಾಲರ್ ಖರ್ಚು, 13,500 ಜನ. ಇಂಥ ಅಭ್ಯಾಸಗಳಲ್ಲಿ ಶತ್ರುವಿನ ವೇಷದವರು ಕೆಂಪು ಪಡೆ, ಅಮೆರಿಕದ ಕಡೆಯವರು ನೀಲಿ ಪಡೆ. ಇಲ್ಲಿ ಕೆಂಪು ಪಡೆ ಪರ್ಷಿಯನ್ ಕೊಲ್ಲಿಯ ಕಡೆಯ ಒಂದು ಹೆಸರಿಲ್ಲದ ದೇಶದ್ದು. ಅದರ ನಾಯಕ ನಿವೃತ್ತ ಮರೀನ್ ಜನರಲ್ ಪಾಲ್ ವ್ಯಾನ್ ರೈಪರ್. ರೇಡಿಯೋ ಬಳಸಿದರೆ ನೀಲಿ ಪಡೆ ಕದ್ದು ಕೇಳುತ್ತದೆ ಎಂದು ಆತ ಮೋಟಾರ್‌ಸೈಕಲ್ ಸವಾರರ ಕೈಯಲ್ಲಿ ಸಂದೇಶ ಕಳಿಸಿದ. ಶರಣಾಗು ಎಂಬ ಎಚ್ಚರಿಕೆ ಬಂದ ಮೇಲೆ, ನೀಲಿ ಪಡೆ ಹೊಡೆಯಲಿ ಎಂದು ಕಾಯಲಿಲ್ಲ. ಕ್ಷಿಪಣಿಗಳ ಮಳೆ, ಜೊತೆಗೆ ಸಣ್ಣ ದೋಣಿಗಳ ಹಿಂಡು. ಲೆಕ್ಕದ ಪ್ರಕಾರ 16 ಯುದ್ಧನೌಕೆಗಳು ಮುಳುಗಿದವು, ಅದರಲ್ಲಿ ಒಂದು ವಿಮಾನವಾಹಕ ನೌಕೆ ಕೂಡ.

ಆಮೇಲೆ ಏನಾಯಿತು? ಮುಳುಗಿದ ಹಡಗುಗಳನ್ನು ಮತ್ತೆ ತೇಲಿಸಿ ಆಟ ಮುಂದುವರಿಸಿದರು. ಕೆಂಪು ಪಡೆ ಏನು ಮಾಡಬಹುದು, ಏನು ಮಾಡಬಾರದು ಎಂದು ಕಟ್ಟುಪಾಡು ಹಾಕಿದರು. ವ್ಯಾನ್ ರೈಪರ್ ಬೇಸತ್ತು ನಾಯಕತ್ವ ಬಿಟ್ಟ. ನಡೆಸಿದವರ ಕಡೆಗೂ ಒಂದು ಮಾತಿದೆ. ಅಷ್ಟು ಸಾವಿರ ಜನರನ್ನು ಕರೆಸಿದ್ದು ಬೇರೆ ಬೇರೆ ವಿಷಯಗಳನ್ನು ಪರೀಕ್ಷಿಸಲು. ಆಟ ಶುರುವಿನಲ್ಲೇ ಮುಗಿದರೆ ಉಳಿದ ದಿನ ಅವರೆಲ್ಲ ಏನು ಮಾಡಬೇಕು? ಅದೂ ಸರಿ. ಆದರೆ ಹಡಗು ತೇಲಿಸಿದ ಮೇಲೆ ಶತ್ರುವಿನ ಕೈ ಕಟ್ಟಿದ್ದನ್ನು ನಾನು ಒಪ್ಪಲಾರೆ. ಫೋರ್ಟ್ ಇರ್ವಿನ್‌ನ ಕ್ರಾಸ್ನೋವಿಯಾಕ್ಕೆ ಗೆಲ್ಲುವ ಸ್ವಾತಂತ್ರ್ಯ ಇತ್ತು, ಅದಕ್ಕೇ ಅಲ್ಲಿ ಸೋತವರು ಏನಾದರೂ ಕಲಿತು ಹೋದರು.

ಈಚಿನ ಕಲ್ಪನೆಯ ದೇಶಗಳು ಇನ್ನೂ ತುಂಬಿಕೊಂಡಿವೆ. ಕಾಕಸಸ್ ಪರ್ವತದ ಸುತ್ತ ಅರಿಯಾನಾ, ಅಟ್ರೋಪಿಯಾ, ಡೊನೋವಿಯಾ, ಗೋರ್ಗಾಸ್, ಲಿಮಾರಿಯಾ ಎಂಬ ಐದು ದೇಶಗಳನ್ನು ಅಮೆರಿಕದ ಸೇನೆ ಸೃಷ್ಟಿಸಿತು. ನಕ್ಷೆಯಲ್ಲಿ ಅರಿಯಾನಾ ಇರಾನ್ ಇರುವ ಜಾಗದಲ್ಲಿದೆ, ಅಟ್ರೋಪಿಯಾ ಅಜರ್‌ಬೈಜಾನ್ ಇರುವಲ್ಲಿ. ಪೆಸಿಫಿಕ್ ಕಡೆಗೆ ಓಲ್ವಾನಾ ಎಂಬ ದೊಡ್ಡ ದೇಶ ಹುಟ್ಟಿತು, ಆಸ್ಟ್ರೇಲಿಯಾದ ಸೇನೆಯೂ ಅದನ್ನು ಬಳಸುತ್ತದೆ. ಈ ದೇಶಗಳಿಗೆ ಆರ್ಥಿಕತೆ ಇದೆ, ಜನಾಂಗಗಳ ನಡುವಿನ ಹಳೆ ದ್ವೇಷ ಇದೆ, ರಸ್ತೆ, ವಿದ್ಯುತ್ತು, ಪತ್ರಿಕೆಗಳ ವಿವರ ಇದೆ. ಯುದ್ಧನೀತಿ ಆಕಾಶದಿಂದ ಇಳಿಯುವುದಿಲ್ಲ ನೋಡಿ. ಸಮುದ್ರ ಇಲ್ಲದ ದೇಶಕ್ಕೆ ನೌಕಾಪಡೆ ಬೇಡ. ಜನ ಕಡಿಮೆ ಇರುವ ದೇಶ ಅಲೆಯ ಮೇಲೆ ಅಲೆ ಕಳಿಸಲಾರದು. ಸೇನೆಯನ್ನೇ ನಂಬದ ದೊರೆ ಕಿರಿಯ ಅಧಿಕಾರಿಗಳಿಗೆ ಸ್ವಾತಂತ್ರ್ಯ ಕೊಡಲಾರ, ನಾಳೆ ಅವರೇ ದಂಗೆ ಎದ್ದಾರು ಎಂಬ ಭಯ. ಕಥೆಗೋ ಆಟಕ್ಕೋ ದೇಶ ಕಟ್ಟುವವರು ಮೊದಲು ಟ್ಯಾಂಕುಗಳ ಹೆಸರು ಬರೆಯಲು ಕೂರುತ್ತಾರೆ. ಮೊದಲು ಬರೆಯಬೇಕಾದದ್ದು ಆ ದೇಶ ಯಾವುದಕ್ಕೆ ಹೆದರುತ್ತದೆ ಎಂಬುದನ್ನು.

ಕಟ್ಟಿದವರು ಯಾವುದಕ್ಕೆ ಹೆದರುತ್ತಾರೆ ಎಂಬುದೂ ಅದರಲ್ಲೇ ಬಯಲಾಗುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಮತ್ತು ಬೆಲಾರೂಸ್ ಸೇರಿ 'ಜಾಪದ್' ಎಂಬ ಅಭ್ಯಾಸ ನಡೆಸಿದವು. ಅದಕ್ಕೆಂದು ಮೂರು ಶತ್ರುದೇಶಗಳನ್ನು ಕಲ್ಪಿಸಿದ್ದರು. ಲುಬೇನಿಯಾ ಮತ್ತು ವೆಸ್ಬಾರಿಯಾ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾಗಳ ಕಡೆ. ಮೂರನೆಯದಾದ ವೇಷ್ನೋರಿಯಾ ಮಾತ್ರ ಹೊರಗಿನ ನೆಲದಲ್ಲಿ ಇರಲಿಲ್ಲ. ಬೆಲಾರೂಸ್‌ನದೇ ವಾಯವ್ಯ ಮೂಲೆಯನ್ನು ಕತ್ತರಿಸಿ ಶತ್ರುದೇಶ ಮಾಡಿದ್ದರು. ಆ ಭಾಗದಲ್ಲಿ ಕ್ಯಾಥೊಲಿಕರು ಹೆಚ್ಚು. 1994ರ ಅಧ್ಯಕ್ಷ ಚುನಾವಣೆಯಲ್ಲಿ, ಗೆದ್ದು ಅಧ್ಯಕ್ಷನಾದ ಲುಕಾಶೆಂಕೊನ ಎದುರಾಳಿಯಾಗಿದ್ದ ರಾಷ್ಟ್ರವಾದಿ ಜಿಯಾನೋನ್ ಪಾಜ್ನ್ಯಾಕ್‌ಗೆ ಬೇರೆಡೆಗಿಂತ ಹೆಚ್ಚು ಮತ ಬಿದ್ದದ್ದು ಅಲ್ಲೇ.

ನಕ್ಷೆ ಹೊರಬಿದ್ದ ಕೂಡಲೇ ಬೆಲಾರೂಸ್‌ನ ಜನ ಅಂತರ್ಜಾಲದಲ್ಲಿ ವೇಷ್ನೋರಿಯಾಕ್ಕೆ ಬಾವುಟ ಬಿಡಿಸಿದರು. ಅದರ ವಿದೇಶಾಂಗ ಸಚಿವಾಲಯದ ಹೆಸರಿನಲ್ಲಿ ಟ್ವಿಟರ್ ಖಾತೆ ತೆರೆದರು. ಪೌರತ್ವ ಬೇಕೆಂದವರಿಗೆ ಒಂದು ವೆಬ್‌ಸೈಟ್ ಕೂಡ ಮಾಡಿದರು, ಅರ್ಜಿಗಳು ಬಂದವು.